ಆಕ್ಟೇವಿಯಾ ಆರ್‌ಎಸ್ 230ಕ್ಕೆ ಡಿಎಸ್‌ಜಿ ಆಯಿಲ್ ಯಾವುದು? ಗ್ಯಾರೇಜಿನಲ್ಲಿ 75ಡಬ್ಲ್ಯೂ-140 ಅಂತಿದಾರೆ

ತುಂಗಾತೀರ_230 (ಶಿವಮೊಗ್ಗ)

ಗಾಡಿ 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230, ಆರು ಗೇರಿನ ಡಿಎಸ್‌ಜಿ (ಎರಡು ಕ್ಲಚ್ ಇರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್). ಮೀಟರ್‌ನಲ್ಲಿ 57 ಸಾವಿರ ಕಿಲೋಮೀಟರ್. ಸ್ಟೇಜ್ 1 ರೀಮ್ಯಾಪ್ (ಶಕ್ತಿ ಹೆಚ್ಚಿಸೋಕೆ ಎಂಜಿನ್ ಸಾಫ್ಟ್‌ವೇರ್ ಬದಲಾವಣೆ) ಆಗಿದೆ, ಗೇರ್‌ಬಾಕ್ಸ್ ಸಾಫ್ಟ್‌ವೇರ್ ಮುಟ್ಟಿಲ್ಲ. ಓಡಾಟ ಹೆಚ್ಚಾಗಿ ತೀರ್ಥಹಳ್ಳಿ, ಆಗುಂಬೆ, ಉಡುಪಿ ಕಡೆ. ಒಮ್ಮೊಮ್ಮೆ ಹೊಸನಗರದ ಮೇಲೆ ಹುಲಿಕಲ್ ಘಾಟಿ ಇಳಿದು ಕುಂದಾಪುರ.

ತೊಂದರೆ ಇಷ್ಟು: ಬೆಳಿಗ್ಗೆ ತಣ್ಣಗಿದ್ದಾಗ ಏನೂ ಇಲ್ಲ. ಘಾಟಿ ಹತ್ತಿ ಬಿಸಿಯಾದ ಮೇಲೆ ಹೇರ್‌ಪಿನ್‌ನಲ್ಲಿ ನಿಧಾನಕ್ಕೆ ತೆವಳುವಾಗ ಗಡಗಡ ಅಂತ ನಡುಗುತ್ತೆ, ಒಂದರಿಂದ ಎರಡಕ್ಕೆ ಹೋಗುವಾಗ ಸಣ್ಣ ಜರ್ಕ್. ವಾರ್ನಿಂಗ್ ಲೈಟ್ ಬಂದಿಲ್ಲ, ಸ್ಕ್ಯಾನ್‌ನಲ್ಲೂ ಕೋಡ್ ಇಲ್ಲ. ಒಬ್ಬರು "ಪರ್ಫಾರ್ಮೆನ್ಸ್ ಗಾಡಿ ಅಲ್ವಾ, ರೇಸಿಂಗ್ ಗೇರ್ ಆಯಿಲ್ 75ಡಬ್ಲ್ಯೂ-140 ಹಾಕಿಸಿ" ಅಂದ್ರು. ಇನ್ನೊಂದು ಕಡೆ "ಆಟೋಮ್ಯಾಟಿಕ್ ಅಂದ್ಮೇಲೆ ಎಟಿಎಫ್ (ಮಾಮೂಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಸಾಕು" ಅಂದ್ರು. ಯಾವುದು ಸರಿ? ಎಷ್ಟು ಲೀಟರ್ ತಗೋಬೇಕು? ಫಿಲ್ಟರ್ ಬದಲಾಯಿಸಲೇಬೇಕಾ? ಗೆಳೆಯನ ಹತ್ತಿರ ಹಳೇ ಆರ್‌ಎಸ್ 1.8 ಟರ್ಬೊ ಮ್ಯಾನುಯಲ್ ಇದೆ, ಅದರ ಎರಡನೇ ಗೇರ್ ಕರಕರ ಅನ್ನುತ್ತೆ. ಒಂದೇ ಆಯಿಲ್ ತಂದು ಎರಡಕ್ಕೂ ಹಾಕಬಹುದಾ?

ಸ್ಪ್ಯಾನರ್_ಸಾಗರ

ಎರಡೂ ಬೇಡ ಮಾರಾಯ್ರೆ. ಎರಡು ಗಾಡಿಗೆ ಒಂದೇ ಆಯಿಲ್ ಅನ್ನೋದಂತೂ ಮರೆತುಬಿಡಿ.

ನಿಮ್ಮದರಲ್ಲಿರೋದು ಡಿಕ್ಯೂ250 ಅನ್ನೋ ಡಿಎಸ್‌ಜಿ. ಎರಡು ಕ್ಲಚ್ಚೂ ಆಯಿಲ್‌ನಲ್ಲೇ ಮುಳುಗಿರುತ್ತವೆ. ಅದೇ ಆಯಿಲ್ ಗೇರ್ ಹಲ್ಲುಗಳನ್ನೂ ಕಾಯಬೇಕು, ಮೆಕಾಟ್ರಾನಿಕ್‌ನ (ಗೇರ್, ಕ್ಲಚ್ ನಡೆಸುವ ಕಂಟ್ರೋಲ್ ಯೂನಿಟ್) ಸೊಲೆನಾಯ್ಡ್ ವಾಲ್ವ್‌ಗಳಲ್ಲಿ ಪ್ರೆಶರ್ ಆಗಿಯೂ ದುಡಿಯಬೇಕು, ಕ್ಲಚ್ ಪ್ಲೇಟ್ ತಣ್ಣಗೂ ಮಾಡಬೇಕು. ಕ್ಲಚ್ ತಣಿಸೋಕೇ ನಿಮಿಷಕ್ಕೆ 20 ಲೀಟರ್‌ವರೆಗೆ ಹರಿಯುತ್ತೆ. 75ಡಬ್ಲ್ಯೂ-140 ಅಂದ್ರೆ 100 ಡಿಗ್ರಿಯಲ್ಲಿ ಕನಿಷ್ಠ 24 ಸೆಂಟಿಸ್ಟೋಕ್ ದಪ್ಪ. ಡಿಎಸ್‌ಜಿ ಆಯಿಲ್ ಅದೇ ಬಿಸಿಗೆ ಏಳರ ಆಸುಪಾಸು. ಆ ದಪ್ಪದ್ದನ್ನು ಹಾಕಿದರೆ ವಾಲ್ವ್ ತಡವಾಗಿ ತೆರೆಯುತ್ತೆ, ಪಂಪ್ ಮೇಲೆ ಹೊರೆ, ಕ್ಲಚ್ ಬಿಡಬೇಕಾದಾಗ ಬಿಡಲ್ಲ. ಜೊತೆಗೆ ಅಂಥ ಆಯಿಲ್ ಸಾಮಾನ್ಯವಾಗಿ ಜಿಎಲ್-5 ದರ್ಜೆಯದು (ಡಿಫರೆನ್ಷಿಯಲ್‌ಗೆ ಮಾಡಿದ್ದು), ಅದರ ಗಂಧಕದ ಅಂಶ ಪೇಪರ್ ಲೈನಿಂಗ್ ಕ್ಲಚ್‌ಗೆ ಹೇಳಿ ಮಾಡಿಸಿದ್ದಲ್ಲ. ಡಬ್ಬಿ ಮೇಲೆ ರೇಸಿಂಗ್ ಅಂತ ಬರೆದಿದ್ದರೆ ಅದು ಯಾವ ರೇಸು, ಯಾವ ಗೇರ್‌ಬಾಕ್ಸು ಅಂತ ಕೇಳಬೇಕು.

ಎಟಿಎಫ್ ದಪ್ಪದಲ್ಲಿ ಹತ್ತಿರ ಬರುತ್ತೆ, ಅದಕ್ಕೇ ಜನ ಮೋಸ ಹೋಗೋದು. ಆದರೆ ಘರ್ಷಣೆಯ ಗುಣವೇ ಬೇರೆ. ಟಾರ್ಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಹೊರಡುವ ಕೆಲಸ ಕನ್ವರ್ಟರ್‌ದು, ಇಲ್ಲಿ ಕ್ಲಚ್ಚೇ ಜಾರಿ ಜಾರಿ ಗಾಡಿಯನ್ನು ಎಬ್ಬಿಸಬೇಕು.

ನಿಮಗೆ ಬೇಕಾದ ಸ್ಪೆಕ್ ಜಿ 052 182. ಕಂಪನಿ ಡಬ್ಬಿ ಸಿಕ್ಕರೆ ಅದೇ. ಇಲ್ಲದಿದ್ದರೆ ಪೆಂಟೋಸಿನ್ ಎಫ್‌ಎಫ್‌ಎಲ್-2, ಲಿಕ್ವಿ ಮೋಲಿ 8100, ಮೋಟುಲ್ ಮಲ್ಟಿ ಡಿಸಿಟಿಎಫ್. ಯಾವುದೇ ಆಗಲಿ, ಡಬ್ಬಿಯ ಹಿಂದೆ ಈ 052 182 ನಂಬರ್ ಇದೆಯಾ ಅಂತ ಓದಿ. ಮುಂದಿನ ದೊಡ್ಡ ಅಕ್ಷರ ನೋಡಬೇಡಿ. ಆಕ್ಟೇವಿಯಾ ಆರ್‌ಎಸ್ 245 ಇಟ್ಟುಕೊಂಡವರು ಇದನ್ನು ನೋಡಿ ತರಬಾರದು. ಅದರಲ್ಲಿರೋದು ಏಳು ಗೇರಿನ ಡಿಕ್ಯೂ381, ಆಯಿಲ್ ಜಿ 055 529. ಹಳೇ 1.2 ಪೋಲೋ ಜಿಟಿ ಟಿಎಸ್‌ಐಯವರಿಗೂ ಅಷ್ಟೇ. ಅವರದು ಡಿಕ್ಯೂ200, ಒಣ ಕ್ಲಚ್, ಗೇರಿಗೆ ಒಂದು ಆಯಿಲ್, ಮೆಕಾಟ್ರಾನಿಕ್‌ಗೆ ಇನ್ನೊಂದು. ಆ ಡಿಕ್ಯೂ200ರಲ್ಲಿ ಸಿಂಥೆಟಿಕ್ ತೆಗೆದು ಮಿನರಲ್ ಆಯಿಲ್ ಹಾಕಿಕೊಡೋಕೆ 2013ರಲ್ಲಿ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಗಾಡಿ ವಾಪಸ್ ಕರೆದಿತ್ತು. ಬಿಸಿ ಮತ್ತು ತೇವ ಎರಡೂ ಇರುವ ಹವೆಯಲ್ಲಿ ಕರೆಂಟ್ ಸಮಸ್ಯೆ ಬರುತ್ತಿತ್ತು ಅಂತ. ಸಿಂಥೆಟಿಕ್ ಅಂದರೆ ಯಾವಾಗಲೂ ಮೇಲು ಅನ್ನೋರು ಇದನ್ನೊಂದು ನೆನಪಿಟ್ಟುಕೊಳ್ಳಲಿ.

ಅನುಮಾನ ಇದ್ದರೆ ಡಿಕ್ಕಿಯಲ್ಲಿ ಸ್ಟೆಪ್ನಿ ಗುಂಡಿಯೊಳಗಿನ ಸ್ಟಿಕ್ಕರ್ ನೋಡಿ, ಗೇರ್‌ಬಾಕ್ಸ್‌ನ ಮೂರಕ್ಷರದ ಕೋಡ್ ಇರುತ್ತೆ. ಅದನ್ನು ಕೊಟ್ಟು ಪಾರ್ಟ್ಸ್ ಕೌಂಟರ್‌ನಲ್ಲಿ ಕೇಳಿ.

ನಡುಕದ ಬಗ್ಗೆ: ತೆವಳುವಾಗ ದುಡಿಯೋದು ಕೆ1, ಅಂದರೆ 1, 3, 5 ಮತ್ತು ರಿವರ್ಸ್‌ನ ಕ್ಲಚ್. ಆಯಿಲ್‌ನಲ್ಲಿರುವ ಫ್ರಿಕ್ಷನ್ ಮಾಡಿಫೈಯರ್ (ಘರ್ಷಣೆ ಹದ ಮಾಡುವ ಅಂಶ) ಸವೆದರೆ ಪ್ಲೇಟು ಸಮನಾಗಿ ಜಾರೋದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತೆ, ಅದೇ ನಿಮ್ಮ ಗಡಗಡ. ಬಿಸಿಯಾದ ಮೇಲೆ ಮಾತ್ರ ಬರ್ತಿದೆ ಅಂದರೆ ಹೊಸ ಆಯಿಲ್‌ಗೆ ಸರಿಹೋಗುವ ಸಾಧ್ಯತೆ ಚೆನ್ನಾಗಿದೆ. ಆದರೆ ಒಂದು ಪರೀಕ್ಷೆ ಮಾಡಿ. ಖಾಲಿ ರಸ್ತೆಯಲ್ಲಿ ಮ್ಯಾನುಯಲ್ ಮೋಡ್, ನಾಲ್ಕನೇ ಗೇರ್, 2000 ಆರ್‌ಪಿಎಂನಿಂದ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಜಿಗಿದರೆ ಕ್ಲಚ್ ಜಾರ್ತಿದೆ. ಅದು ಆಯಿಲ್‌ನಿಂದ ಸರಿಹೋಗಲ್ಲ. ಕಾರ್ಖಾನೆಯಿಂದ ಬಂದ ಎಂಜಿನ್ ಟಾರ್ಕ್ 350 ಎನ್‌ಎಂ, ಗೇರ್‌ಬಾಕ್ಸ್ ಲೆಕ್ಕವೂ ಅದರ ಸುತ್ತಲೇ. ರೀಮ್ಯಾಪ್ ಆದ ಎಂಜಿನ್‌ಗೆ ಹಳೇ ಕ್ಲಚ್ ಪ್ರೆಶರ್ ಸಾಲದೇ ಹೋಗಬಹುದು. ಆಗ ಗೇರ್‌ಬಾಕ್ಸ್ ಸಾಫ್ಟ್‌ವೇರ್ ಕೆಲಸ.

ಕಂಪನಿ ಹೇಳೋದು 60 ಸಾವಿರಕ್ಕೊಮ್ಮೆ. ಘಾಟಿ, ರೀಮ್ಯಾಪ್ ಎರಡೂ ಇರೋವಾಗ 40 ಸಾವಿರಕ್ಕೇ ಮಾಡಿಸೋದು ಒಳ್ಳೇದು.

ಘಟ್ಟದ_ಗೇರು (ತೀರ್ಥಹಳ್ಳಿ)

ಸಾಗರದವರು ಆಯಿಲ್ ಬಗ್ಗೆ ಹೇಳಿದ್ದಾರೆ, ಹಾಕುವ ಕ್ರಮ ನಾನು ಬರೀತೇನೆ. ಡಿಕ್ಯೂ250ರಲ್ಲಿ ಒಳ್ಳೇ ಆಯಿಲ್ ತಂದು ಲೆವೆಲ್ ತಪ್ಪಿಸೋರೇ ಹೆಚ್ಚು.

ಬೇಕಾದ್ದು: ಒಂದೊಂದು ಲೀಟರ್‌ನ ಆರು ಡಬ್ಬಿ, ಫಿಲ್ಟರ್ ಮತ್ತು ಅದರ ಓ-ರಿಂಗ್, ಡ್ರೇನ್ ಪ್ಲಗ್‌ಗೆ ಹೊಸ ವಾಷರ್, 14 ಮತ್ತು 8 ಎಂಎಂ ಅಲೆನ್, 24 ಎಂಎಂ ಸಾಕೆಟ್, ಟಾರ್ಕ್ ರೆಂಚ್, ಗೇರ್‌ಬಾಕ್ಸ್ ಉಷ್ಣತೆ ತೋರಿಸುವ ಸ್ಕ್ಯಾನರ್. ವಿಸಿಡಿಎಸ್ (ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳ ಸ್ಕ್ಯಾನ್ ಸಾಫ್ಟ್‌ವೇರ್) ಆದರೆ ಚಿಂತೆಯಿಲ್ಲ. ಮಾಮೂಲಿ ಬ್ಲೂಟೂತ್ ಡಾಂಗಲ್ ತೋರಿಸುವ ಕೂಲಂಟ್ ಟೆಂಪರೇಚರ್ ಇದಕ್ಕೆ ಆಗಲ್ಲ. ಗೇರ್‌ಬಾಕ್ಸ್ ಒಟ್ಟು ಹಿಡಿಯೋದು 7 ಲೀಟರ್ ಚಿಲ್ಲರೆ, ಇಳಿಸಿದಾಗ ಬರೋದು ಐದು ಐದೂಕಾಲು. ಉಳಿದದ್ದು ಕೂಲರ್, ಕ್ಲಚ್, ಮೆಕಾಟ್ರಾನಿಕ್ ಒಳಗೇ ನಿಲ್ಲುತ್ತೆ.

ಗಾಡಿ ನೂಲು ಹಿಡಿದ ಹಾಗೆ ಸಮ ನಿಲ್ಲಬೇಕು. ಮುಂದಿನ ಎರಡು ಚಕ್ರ ಮಾತ್ರ ಜಾಕ್ ಕೊಟ್ಟು ಮಾಡಿದರೆ ಲೆವೆಲ್ ಸುಳ್ಳು. ಲಿಫ್ಟ್ ಅಥವಾ ಪಿಟ್ ಇರುವಲ್ಲಿಗೇ ಹೋಗಿ.

ಎಂಜಿನ್ ಆಫ್ ಇರುವಾಗ ಮೊದಲು ಮೇಲಿನ ಫಿಲ್ಟರ್. ಏರ್ ಫಿಲ್ಟರ್ ಡಬ್ಬ ತೆಗೆದರೆ ಕಪ್ಪು ಹೌಸಿಂಗ್ ಕಾಣುತ್ತೆ. ಏಳೆಂಟು ಸುತ್ತು ಸಡಿಲಿಸಿ ಹತ್ತು ಸೆಕೆಂಡ್ ಬಿಡಿ, ಒಳಗಿನ ಆಯಿಲ್ ಕೆಳಗಿಳಿಯುತ್ತೆ. ಹಾಗೆ ಬಿಡದೆ ಎತ್ತಿದರೆ ಎಲ್ಲ ಗೇರ್‌ಬಾಕ್ಸ್ ಮೇಲೇ ಸುರಿದು, ಆಮೇಲೆ ಲೀಕ್ ಇದೆಯೋ ಇಲ್ಲವೋ ಗೊತ್ತಾಗಲ್ಲ. ಹೊಸ ಫಿಲ್ಟರ್ ಮೂತಿ ಕೆಳಗೆ ಮಾಡಿ ಕೂರಿಸಬೇಕು. ತಲೆಕೆಳಗೆ ಹಾಕಿ ಹೌಸಿಂಗ್ ಒಡೆದವರಿದ್ದಾರೆ. 20 ಎನ್‌ಎಂ ಸಾಕು.

ಕೆಳಗೆ 14ರ ಪ್ಲಗ್ ಬಿಚ್ಚಿದರೆ ಸ್ವಲ್ಪವೇ ಆಯಿಲ್ ಬಂದು ನಿಲ್ಲುತ್ತೆ. ಮುಗೀತು ಅಂದ್ಕೋಬೇಡಿ. ಆ ತೂತಿನೊಳಗೆ ಪ್ಲಾಸ್ಟಿಕ್ ಕೊಳವೆಯಿದೆ, ಲೆವೆಲ್ ಕಾಯೋದು ಅದೇ. 8ರ ಅಲೆನ್ ಹಾಕಿ ಅದನ್ನೂ ಬಿಚ್ಚಿದ ಮೇಲೆ ಉಳಿದ ಐದು ಲೀಟರ್ ಬರೋದು. ಇದು ಗೊತ್ತಿಲ್ಲದೆ ಅರ್ಧ ಲೀಟರ್ ಬದಲಾಯಿಸಿ ಪೂರ್ತಿ ಬಿಲ್ ಮಾಡುವವರೂ ಇದ್ದಾರೆ, ಅದಕ್ಕೇ ಎದುರಿಗೆ ನಿಂತು ನೋಡಿ. ವಾಪಸ್ ಹಾಕುವಾಗ ಕೊಳವೆಗೆ ಬರೀ 3 ಎನ್‌ಎಂ. ಪ್ಲಾಸ್ಟಿಕ್, ಬಲ ಹಾಕಿದರೆ ಮುರಿಯುತ್ತೆ.

ತುಂಬೋದೂ ಅದೇ ತೂತಿನಿಂದ, ಅಡಾಪ್ಟರ್ ಮತ್ತು ಪೈಪ್ ಹಾಕಿ ಡಬ್ಬಿ ಎತ್ತರಕ್ಕೆ ಹಿಡಿದು. ಐದೂವರೆ ಹೋದ ಮೇಲೆ ಅಡಾಪ್ಟರ್ ಬಿಚ್ಚದೆ ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಕೊಂಡು ಪಿ, ಆರ್, ಎನ್, ಡಿ, ಎಸ್ ಒಂದೊಂದರಲ್ಲಿ ಮೂರು ನಾಲ್ಕು ಸೆಕೆಂಡ್ ನಿಲ್ಲಿಸಿ ಪಿಗೆ ತನ್ನಿ. ಎಂಜಿನ್ ಓಡ್ತಾನೇ ಇರಲಿ. ಸ್ಕ್ಯಾನರ್‌ನಲ್ಲಿ ಆಯಿಲ್ 35 ಡಿಗ್ರಿ ದಾಟಿದಾಗ ಪೈಪ್ ಕೆಳಗಿಳಿಸಿ, ಹೆಚ್ಚಾದದ್ದು ಹೊರಗೆ ಬರುತ್ತೆ. ಧಾರೆ ಹೋಗಿ ಹನಿ ಹನಿ ಆದಾಗ ಪ್ಲಗ್ ಹಾಕಿ 45 ಎನ್‌ಎಂ ಬಿಗಿ. ಇದೆಲ್ಲ 45 ಡಿಗ್ರಿ ದಾಟುವ ಮೊದಲೇ ಮುಗಿಯಬೇಕು. ಬಿಸಿ ಹೆಚ್ಚಾದರೆ ಆಯಿಲ್ ಹಿಗ್ಗಿ ಬೇಕಾದ್ದೂ ಹೊರಗೆ ಹೋಗುತ್ತೆ, ಗೇರ್‌ಬಾಕ್ಸ್ ಕೊರತೆಯಲ್ಲಿ ಓಡುತ್ತೆ. ತಣ್ಣಗಿದ್ದಾಗಲೇ ಮುಚ್ಚಿದರೆ ಅತಿಯಾಗಿ, ಗೇರ್‌ಗಳು ಕಡೆದು ನೊರೆ ಬರುತ್ತೆ, ನೊರೆಯಲ್ಲಿ ಪ್ರೆಶರ್ ನಿಲ್ಲಲ್ಲ.

ಹಳೇ ಫಿಲ್ಟರ್ ಬಿಸಾಡಬೇಡಿ. ಕುಯ್ದು ಪೇಪರ್ ಬಿಡಿಸಿ ನೋಡಿ. ಬೂದು ಬಣ್ಣದ ಮಸಿ ಮಾಮೂಲು. ಹೊಳೆಯುವ ಚೂರು ಕಂಡರೆ ಬೇರಿಂಗ್ ಅಥವಾ ಗೇರ್. ಕಪ್ಪು ಎಳೆ ಎಳೆ, ಜೊತೆಗೆ ಆಯಿಲ್ ಸೀದ ವಾಸನೆ ಬಂದರೆ ಕ್ಲಚ್ ಲೈನಿಂಗ್.

ತುಂಗಾತೀರ_230

ತುಂಬಾ ಥ್ಯಾಂಕ್ಸ್. ನಾಲ್ಕನೇ ಗೇರ್ ಪರೀಕ್ಷೆ ಮಾಡಿದೆ, ಜಾರ್ತಿಲ್ಲ. ಎರಡು ಅನುಮಾನ. ಅಡಾಪ್ಟರ್ ಇಲ್ಲಿ ಯಾರ ಹತ್ತಿರಾನೂ ಸಿಗ್ತಿಲ್ಲ. ಮತ್ತೆ ಈಗ ಏಪ್ರಿಲ್, ಮಧ್ಯಾಹ್ನ ಶಿವಮೊಗ್ಗದಲ್ಲಿ ಗಾಳಿಯೇ 36-37 ಡಿಗ್ರಿ. 35ರ ಕೆಳಗಿಂದ ಶುರು ಮಾಡೋದು ಹೇಗೆ?

ಘಟ್ಟದ_ಗೇರು (ತೀರ್ಥಹಳ್ಳಿ)

ಒಳ್ಳೇ ಪ್ರಶ್ನೆ. ಗಾಡಿಯನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು ಬೆಳಿಗ್ಗೆ ಏಳಕ್ಕೆ ಶುರು ಮಾಡಿಸಿ. ಬೆಳಿಗ್ಗೆ ಓಡಿಸಿಕೊಂಡು ಹೋದರೆ ಆಗಲೇ 60-70 ಆಗಿರುತ್ತೆ, ಮಧ್ಯಾಹ್ನದವರೆಗೂ ಇಳಿಯಲ್ಲ. ಹೊಸ ಆಯಿಲ್ ಡಬ್ಬಿಯೂ ಬಿಸಿಲಲ್ಲಿ ಇರಬಾರದು. ಡಿಸೆಂಬರ್‌ನಲ್ಲಿ ಮಾಡಿಸಿದರೆ ತೊಂದರೆ ಉಲ್ಟಾ. 15 ಡಿಗ್ರಿಯಿಂದ 35ಕ್ಕೆ ಏರೋವರೆಗೆ ತಾಳ್ಮೆ ಬೇಕು, ಅರ್ಜೆಂಟಿಗೆ ಪ್ಲಗ್ ಹಾಕಿಬಿಡ್ತಾರೆ.

ಅಡಾಪ್ಟರ್‌ಗೆ ಸಾಗರ ರಸ್ತೆ ಆಟೋ ಕಾಂಪ್ಲೆಕ್ಸ್ ಕಡೆ ಯಾವುದಾದರೂ ಲೇತ್ ಅಂಗಡಿ ಸಾಕು. ಹೊಸ ಡ್ರೇನ್ ಪ್ಲಗ್ ಒಂದು ಹೆಚ್ಚಿಗೆ ತಂದು, ನಡುವೆ ತೂತು ಕೊರೆಸಿ ಹೋಸ್ ನಿಪ್ಪಲ್ ಕೂರಿಸಿಕೊಡಿ ಅನ್ನಿ. ಥ್ರೆಡ್ ಹುಡುಕುವ ರಗಳೆಯೇ ಇಲ್ಲ. ಕೊರೆದ ಲೋಹದ ಪುಡಿಯನ್ನು ಪೆಟ್ರೋಲ್‌ನಲ್ಲಿ ತೊಳೆದು, ಗಾಳಿ ಹೊಡೆದು ಆಮೇಲೆ ಹಾಕಿ. ಆ ಪುಡಿ ಮೆಕಾಟ್ರಾನಿಕ್ ಒಳಗೆ ಹೋದರೆ ಉಳಿಸಿದ್ದಕ್ಕಿಂತ ಕಳೆದುಕೊಳ್ಳೋದೇ ಜಾಸ್ತಿ.

ಇನ್ನೊಂದು, ಓಡಿಸುವ ರೀತಿ. ಆಗುಂಬೆಯ 14 ತಿರುವಿನಲ್ಲಿ ಮಿನಿ ಬಸ್ಸಿನ ಬಾಲ ಹಿಡಿದು ಇಂಚಿಂಚು ತೆವಳಬೇಡಿ. ಅಂತರ ಬಿಟ್ಟು ಬ್ರೇಕ್ ಒತ್ತಿ ನಿಲ್ಲಿ, ಜಾಗ ಆದಮೇಲೆ ಒಂದನೇ ಗೇರಿನಲ್ಲಿ ಒಂದೇ ಸಲ ಹೊರಡಿ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಿಕೊಳ್ಳೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಬ್ರೇಕ್ ಒತ್ತಿದಾಗ ಕ್ಲಚ್ ಬಿಡುಗಡೆ ಆಗುತ್ತೆ, ಆಕ್ಸಿಲರೇಟರ್ ಮೇಲೆ ನಿಂತಾಗ ಪೂರ್ತಿ ಜಾರುತ್ತಿರುತ್ತೆ. ಆಯಿಲ್ 138 ದಾಟಿದರೆ ಕಂಪ್ಯೂಟರ್ ಎಂಜಿನ್ ಟಾರ್ಕ್ ಇಳಿಸುತ್ತೆ, 145ಕ್ಕೆ ಕ್ಲಚ್ಚನ್ನೇ ಬಿಟ್ಟುಬಿಡುತ್ತೆ.

ಹಳೇ_ಸಿಂಕ್ರೊ (ಚಿಕ್ಕಮಗಳೂರು)

ಗೆಳೆಯರ ಮ್ಯಾನುಯಲ್ ಆರ್‌ಎಸ್‌ಗೆ ಬರೋಣ. ಅದಕ್ಕೆ 75ಡಬ್ಲ್ಯೂ-90 ಜಿಎಲ್-4 ಸಿಂಥೆಟಿಕ್, ಎರಡು ಲೀಟರ್ ಆಸುಪಾಸು. ಕರಕರ ಶುರುವಾಗಿದ್ದು ಆಯಿಲ್ ಬದಲಾಯಿಸಿದ ಮೇಲಾ ಅಂತ ಕೇಳಿ. ಅಂಗಡಿಯಲ್ಲಿ ಸುಲಭಕ್ಕೆ ಸಿಗೋದು ಲಾರಿ ಡಿಫರೆನ್ಷಿಯಲ್‌ನ 85ಡಬ್ಲ್ಯೂ-140 ಜಿಎಲ್-5, ಯಾರಾದರೂ ಅದನ್ನೇ ಸುರಿದಿರಬಹುದು.

ಜಿಎಲ್-5 ನಂಬರ್ ದೊಡ್ಡದು ಅಂತ ಜಿಎಲ್-4ಗಿಂತ ಒಳ್ಳೇದಲ್ಲ, ಕೆಲಸ ಬೇರೆ. ಹಿಂದಿನ ಆಕ್ಸಲ್‌ನ ಹೈಪಾಯ್ಡ್ ಗೇರಿನಲ್ಲಿ ಹಲ್ಲು ಹಲ್ಲಿನ ಮೇಲೆ ಉಜ್ಜಿಕೊಂಡು ಜಾರುತ್ತೆ, ಆ ಒತ್ತಡ ತಡೆಯೋಕೆ ಗಂಧಕ-ರಂಜಕದ ಅಂಶ ಜಿಎಲ್-4ರ ಎರಡರಷ್ಟು ಹಾಕಿರ್ತಾರೆ. ಮುಂದಿನ ಚಕ್ರ ಎಳೆಯುವ, ಎಂಜಿನ್ ಅಡ್ಡ ಕೂತಿರುವ ಗಾಡಿಯಲ್ಲಿ ಹೈಪಾಯ್ಡ್ ಇಲ್ಲವೇ ಇಲ್ಲ. ಫೈನಲ್ ಡ್ರೈವ್ ಕೂಡ ಓರೆ ಹಲ್ಲಿನ ಹೆಲಿಕಲ್. ಜಿಎಲ್-5 ಬೇಕಾದ ಜಾಗವೇ ಅಲ್ಲಿಲ್ಲ. ಬದಲಿಗೆ ಹಿತ್ತಾಳೆಯ ಸಿಂಕ್ರೊ ರಿಂಗ್ ಇದೆ. ಅದು ಕೋನ್ ಮೇಲೆ ಕಚ್ಚಿ ಹಿಡಿದು ಎರಡೂ ವೇಗ ಸರಿ ಮಾಡಬೇಕು. ಅತಿ ಜಾರು ಆಯಿಲ್ ಬಿದ್ದರೆ ಕಚ್ಚಲ್ಲ, ಹಲ್ಲಿಗೆ ಹಲ್ಲು ಬಡಿಯುತ್ತೆ. ಹಳೇ ತರದ ಗಂಧಕ ಹಿತ್ತಾಳೆಯನ್ನು ತಿನ್ನುತ್ತಿತ್ತು ಕೂಡ. ಈಗಿನ ಒಳ್ಳೇ ಜಿಎಲ್-5 ತಾಮ್ರದ ಪಟ್ಟಿ ಪರೀಕ್ಷೆ ಪಾಸಾಗುತ್ತೆ, ತಿನ್ನೋದು ಕಡಿಮೆ, ಆದರೆ ಜಾರೋದು ಹಾಗೇ ಇದೆ. ಎರಡಕ್ಕೂ ಆಗುತ್ತೆ ಅಂತ ಜಿಎಲ್-4/ಜಿಎಲ್-5 ಒಟ್ಟಿಗೆ ಬರೆದಿರುವ ಡಬ್ಬಿ ಸಿಂಕ್ರೊ ಆಗಲೇ ಸವೆದ ಗಾಡಿಗೆ ತಗೋಬೇಡಿ.

ಬೆಳಿಗ್ಗೆ ಮೊದಲ ಎರಡು ಕಿಲೋಮೀಟರ್ ಮಾತ್ರ ಕರಕರ ಅಂದರೆ ಆಯಿಲ್ ದಪ್ಪ. ಬಿಸಿಯಾದ ಮೇಲೂ ಇದ್ದರೆ, ಅದರಲ್ಲೂ ಮೂರರಿಂದ ಎರಡಕ್ಕೆ ಇಳಿಸುವಾಗ, ಸಿಂಕ್ರೊ ಸವೆದಿದೆ. ಎಲ್ಲ ಗೇರೂ ಕಷ್ಟ ಅಂದರೆ ಗೇರ್‌ಬಾಕ್ಸ್ ಬಿಟ್ಟು ಕ್ಲಚ್ ನೋಡಿ, ಪೂರ್ತಿ ಬಿಡುತ್ತಿಲ್ಲ.

ಕೆಲಸ ಸುಲಭ, ಒಂದೇ ಎಚ್ಚರ: ಮೊದಲು ತುಂಬುವ ಪ್ಲಗ್ ಬಿಚ್ಚಿ, ಅದು ಬಂದ ಮೇಲೆ ಡ್ರೇನ್ ಮುಟ್ಟಿ. ಆಯಿಲ್ ಪೂರ್ತಿ ಇಳಿಸಿ, ತುಂಬುವ ಪ್ಲಗ್ ತುಕ್ಕು ಹಿಡಿದು ಕೂತಿದ್ದರೆ ಗಾಡಿ ಅಲ್ಲೇ. ಬಿಸಿ ಇರುವಾಗಲೇ ಇಳಿಸಿ, ಆ ತೂತಿನ ಕೆಳ ಅಂಚಿಗೆ ಬರೋವರೆಗೆ ತುಂಬಿ.

ಎಂ340_ಮಲೆನಾಡು

ಇದೇ ಚರ್ಚೆಯಲ್ಲಿ ಕೇಳಿಬಿಡ್ತೀನಿ. ಬಿಎಂಡಬ್ಲ್ಯೂ ಎಂ340ಐ ಎಕ್ಸ್‌ಡ್ರೈವ್ (ನಾಲ್ಕೂ ಚಕ್ರ ಎಳೆಯುವ ಗಾಡಿ). ಗೇರ್‌ಬಾಕ್ಸ್ ಆಯಿಲ್ ಲೈಫ್‌ಟೈಮ್ ಅಂತಾರೆ. ನಂಬಬಹುದಾ?

ಸ್ಪ್ಯಾನರ್_ಸಾಗರ

ಆ ಗೇರ್‌ಬಾಕ್ಸ್ ತಯಾರಿಸಿದ ಜೆಡ್‌ಎಫ್‌ನವರೇ 8ಎಚ್‌ಪಿಗೆ (ಎಂಟು ಗೇರಿನ ಆ ಆಟೋಮ್ಯಾಟಿಕ್‌ಗೆ) 80 ಸಾವಿರದಿಂದ 1 ಲಕ್ಷ 20 ಸಾವಿರದೊಳಗೆ ಬದಲಾಯಿಸಿ ಅಂತ ಹೇಳ್ತಾರೆ. ಘಾಟಿ ಗಾಡಿಗೆ 80 ಅನ್ನೇ ಹಿಡಿಯಿರಿ. ಆಯಿಲ್ ಲೈಫ್‌ಗಾರ್ಡ್ 8. ಸಂಪ್ ಪ್ಲಾಸ್ಟಿಕ್‌ದು, ಫಿಲ್ಟರ್ ಅದರಲ್ಲೇ ಸೇರಿಕೊಂಡಿದೆ, ಹಾಗಾಗಿ ಸಂಪ್ ಪೂರ್ತಿ ಹೊಸದು, ಬೋಲ್ಟೂ ಹೊಸದು. ಲೆವೆಲ್ ನೋಡೋದು ಎಂಜಿನ್ ಓಡುವಾಗ, 40 ಡಿಗ್ರಿ ಸುತ್ತ. ಅರ್ಧದಷ್ಟು ಆಯಿಲ್ ಕನ್ವರ್ಟರ್, ಕೂಲರ್‌ನಲ್ಲೇ ಉಳಿಯುತ್ತೆ. ಅದಕ್ಕಾಗಿ ಮೆಷಿನ್ ಹಾಕಿ ಒತ್ತಡದಲ್ಲಿ ಫ್ಲಶ್ ಮಾಡಿಸೋ ಅಗತ್ಯವಿಲ್ಲ.

ನಿಮ್ಮ ಗಾಡಿಯಲ್ಲಿ ಇನ್ನೂ ಮೂರು ಜಾಗ ಇದೆ: ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋದು), ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್. ಟ್ರಾನ್ಸ್‌ಫರ್ ಕೇಸ್ ಒಳಗೂ ಕ್ಲಚ್ ಪ್ಲೇಟ್ ಇರೋದರಿಂದ ಅದಕ್ಕೇ ಅಂತ ಬೇರೆ ಆಯಿಲ್. ಇಲ್ಲಿ ಟೈರಿನ ಮಾತೂ ಬರುತ್ತೆ. ಎರಡು ಟೈರ್ ಹೊಸದು, ಎರಡು ಸವೆದದ್ದು ಹಾಕಿ ಓಡಿಸಿದರೆ ಆ ಕ್ಲಚ್ ಹೈವೇ ಉದ್ದಕ್ಕೂ ಜಾರುತ್ತಲೇ ಇರುತ್ತೆ. ಹಿಂದೆ ಎಂ ಸ್ಪೋರ್ಟ್ ಡಿಫರೆನ್ಷಿಯಲ್ ಇದ್ದರೆ ಸಾದಾ ಡಿಫರೆನ್ಷಿಯಲ್ ಆಯಿಲ್ ಸುರಿಯಬೇಡಿ. ವಿನ್ (ಚಾಸಿ) ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಪ್ಲೇಟ್ ಇರುವ ಎಲ್‌ಎಸ್‌ಡಿಗೆ (ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಡಿಫರೆನ್ಷಿಯಲ್) ಫ್ರಿಕ್ಷನ್ ಮಾಡಿಫೈಯರ್ ಇಲ್ಲದ ಆಯಿಲ್ ಬಿದ್ದರೆ ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಅನ್ನುತ್ತೆ.

ಕೊಪ್ಪದ_ಮಳೆ

ಜೂನ್ ಹತ್ತಿರ ಬಂತು, ನೀರಿನ ಬಗ್ಗೆ ಯಾರೂ ಬರೆದಿಲ್ಲ. ಘಾಟಿ ಹತ್ತಿ ಗೇರ್‌ಬಾಕ್ಸ್ 90 ಡಿಗ್ರಿ ಇರುತ್ತೆ. ಮೇಲೆ ಬಂದು ರಸ್ತೆ ಮೇಲೆ ಹರಿಯುವ ಹಳ್ಳಕ್ಕೆ ಇಳಿಸಿದಿರಿ ಅಂದ್ಕೊಳ್ಳಿ. ಒಳಗಿನ ಗಾಳಿ ಒಮ್ಮೆಲೇ ತಣ್ಣಗಾಗಿ ಕುಗ್ಗುತ್ತೆ, ಬ್ರೀದರ್‌ನಿಂದಲೋ (ಗೇರ್‌ಬಾಕ್ಸ್‌ಗೆ ಗಾಳಿ ಆಡುವ ರಂಧ್ರ) ಆಕ್ಸಲ್ ಸೀಲ್‌ನಿಂದಲೋ ನೀರು ಎಳೆದುಕೊಳ್ಳುತ್ತೆ. ಅದಕ್ಕೇ ಮಳೆಗಾಲಕ್ಕೆ ಮೊದಲು ಬ್ರೀದರ್ ಕ್ಯಾಪ್‌ನಲ್ಲಿ ಕೆಸರು ಕಟ್ಟಿದೆಯಾ, ಸೀಲ್ ಸುತ್ತ ಒದ್ದೆಯಿದೆಯಾ ನೋಡಿಸಿ. ಹಬ್‌ವರೆಗೆ ನೀರಿದ್ದರೆ ಹತ್ತು ನಿಮಿಷ ನಿಂತು ಗಾಡಿ ತಣಿಸಿ ಇಳಿಸಿ, ಅಥವಾ ಇಳಿಸಲೇಬೇಡಿ, ಈ ಗಾಡಿಗಳು ಅದಕ್ಕಲ್ಲ.

ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗೆ ಬಂದರೆ ನೀರು ಸೇರಿದೆ. ಮ್ಯಾನುಯಲ್, ಡಿಫರೆನ್ಷಿಯಲ್ ಆದರೆ ಇಳಿಸಿ, ಕಡಿಮೆ ಬೆಲೆಯ ಅದೇ ಗ್ರೇಡಿನ ಆಯಿಲ್ ಹಾಕಿ ಸ್ವಲ್ಪ ದೂರ ಓಡಿಸಿ, ಮತ್ತೆ ಇಳಿಸಿ ಒಳ್ಳೇದು ತುಂಬಿ. ಡಿಎಸ್‌ಜಿಯಲ್ಲಿ ಹಾಗೆ ಓಡಿಸಬೇಡಿ. ನೀರು ಪೇಪರ್ ಲೈನಿಂಗ್‌ನ ಅಂಟು ಬಿಡಿಸುತ್ತೆ, ಗಾಡಿ ಟೋ ಮಾಡಿಸಿ. ನೀರಿಗೆ ಇಳಿಸಿಯೇ ಇಲ್ಲ ಆದರೂ ಹಾಗೆ ಬಂದಿದೆ ಅಂದರೆ ಕೂಲಂಟ್ ಬಾಟಲಿ ಲೆವೆಲ್ ನೋಡಿ. ಡಿಕ್ಯೂ250ರ ಆಯಿಲ್ ಕೂಲರ್‌ನಲ್ಲಿ ಕೂಲಂಟ್ ಪಕ್ಕದಲ್ಲೇ ಹರಿಯುತ್ತೆ. ಒಳಗೆ ಸೀಳು ಬಿಟ್ಟರೆ ಎರಡೂ ಬೆರೆಯುತ್ತವೆ, ಕೂಲರ್ ಬದಲಾಯಿಸದೆ ಆಯಿಲ್ ಎಷ್ಟು ಸಲ ಹಾಕಿದರೂ ದಂಡ.

ಕಡೆಗೆ ಬ್ರೇಕ್ ಆಯಿಲ್. ಮ್ಯಾನುಯಲ್ ಆರ್‌ಎಸ್‌ನಲ್ಲಿ ಕ್ಲಚ್‌ಗೂ ಅದೇ ಬಾಟಲಿಯಿಂದ ಹೋಗೋದು, ಹಾಗಾಗಿ ಇಲ್ಲಿಗೆ ಸೇರುತ್ತೆ. ಡಾಟ್ 4 ಹೊಸದಾದರೆ ಕುದಿಯೋದು ಕನಿಷ್ಠ 230 ಡಿಗ್ರಿಗೆ, ನೀರು ಹೀರಿದ ಮೇಲೆ ಆ ಮಿತಿ 155. ನಮ್ಮ ಕಡೆ ನಾಲ್ಕು ತಿಂಗಳು ಗಾಳಿಯಲ್ಲೇ ನೀರಿರುತ್ತೆ. ಆಗುಂಬೆ ಇಳಿದು ಸೋಮೇಶ್ವರ ಮುಟ್ಟುವಾಗ ಪೆಡಲ್ ಸ್ಪಂಜಿನ ಹಾಗಾದರೆ ಕಾರಣ ಇದೇ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಅದೂ ಮಳೆಗಾಲ ಮುಗಿದ ಮೇಲೆ, ಬಿಸಿಲಿರುವ ದಿನ. ಸೀಲ್ ಒಡೆದು ಅರ್ಧ ಉಳಿದ ಡಬ್ಬಿ ಮುಂದಿನ ವರ್ಷಕ್ಕೆ ಇಡಬೇಡಿ. ಡಾಟ್ 5.1 ಬೆರೆಸಬಹುದು, ಡಾಟ್ 5 ಸಿಲಿಕೋನ್ ಬೆರೆಸಬಾರದು. ಡಬ್ಬಿ ಮೇಲೆ ಒಂದು ಚುಕ್ಕಿಯ ವ್ಯತ್ಯಾಸ, ಕೌಂಟರ್‌ನಲ್ಲಿ ಓದಿಯೇ ದುಡ್ಡು ಕೊಡಿ.

ತುಂಗಾತೀರ_230

ಶನಿವಾರ ಸಂಜೆ ಗಾಡಿ ಬಿಡ್ತೀನಿ, ಭಾನುವಾರ ಬೆಳಿಗ್ಗೆ ಕೆಲಸ. ಆರು ಡಬ್ಬಿ 052 182, ಫಿಲ್ಟರ್, ವಾಷರ್, ಎರಡು ಡ್ರೇನ್ ಪ್ಲಗ್ ಆರ್ಡರ್ ಹಾಕಿದೆ. ಗೆಳೆಯನ ಗಾಡಿಯ ಡ್ರೇನ್ ಬಿಚ್ಚಿ ನೋಡಿದ್ವಿ, ದಪ್ಪಗೆ, ಕೊಳೆತ ಮೊಟ್ಟೆ ವಾಸನೆ.

ಹಳೇ_ಸಿಂಕ್ರೊ (ಚಿಕ್ಕಮಗಳೂರು)

ಆ ವಾಸನೆ ಗಂಧಕದ್ದು, ಬಹುಶಃ ಜಿಎಲ್-5ಏ. ಪೂರ್ತಿ ಇಳಿಸಿ, ರಾತ್ರಿ ಇಡೀ ಹನಿಯಲು ಬಿಡಿ. ಜಿಎಲ್-4 ಹಾಕಿ ಒಂದು ಸಾವಿರ ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬದಲಾಯಿಸಿ, ಮೂಲೆಯಲ್ಲಿ ಉಳಿದದ್ದು ಆಗ ಹೋಗುತ್ತೆ. ಅಂದರೆ ಎರಡಲ್ಲ, ನಾಲ್ಕು ಲೀಟರ್ ತನ್ನಿ.